ಬುಧವಾರ ಯಾರಿಗೂ ಉಪವಾಸವಿಲ್ಲ

ಗಂಗಾವತಿಯ ಅಕ್ಕಿ ಗಿರಣಿಗಳ ಹಿಂಬದಿಗೆ ಒಂದು ಓಣಿ ಇದೆ. ಗಿರಣಿ ತಿರುಗುವಾಗ ತೌಡಿನ ದೂಳು ಅಲ್ಲಿ ಎಲ್ಲರ ಮನೆಯೊಳಗೂ ಒಂದೇ ಸಮ ಬೀಳುತ್ತದೆ. ಮೊದಲನೇ ಮನೆ ಕಿರಾಣಿ ಅಂಗಡಿಯ ಲಿಂಗಾಯತರದು, ಎದುರಿಗೆ ಆಂಧ್ರದ ರೈತರ ಕ್ಯಾಂಪಿನಿಂದ ಬಂದು ನೆಲೆಸಿದ ತೆಲುಗಿನವರು, ಅವರ ಪಕ್ಕಕ್ಕೆ ಗಾದಿ ಹೊಲಿಯುವ ಮುಸಲ್ಮಾನರ ಎರಡು ಮನೆ, ಆಚೆ ಒಬ್ಬ ಸಾಲಿ ಮಾಸ್ತರ, ಮೂಲೆಯಲ್ಲಿ ನಳದ ಸಾಮಾನು ಮಾರುವ ರಾಜಸ್ಥಾನದ ಸೇಠು. ಹೊರಗಿನವರು ಯಾರು ಬಂದರೂ ಈ ಜನ ಚಹಾಕ್ಕಿಂತ ಮೊದಲು ಕೊಡುವುದು ಒಂದು ಮಾತು: "ನಮ್ಮ ಓಣ್ಯಾಗ ಭೇದ ಅನ್ನೋದ ಇಲ್ಲ ನೋಡ್ರಿ." ಹೇಳಿ ಹೇಳಿ ಅವರಿಗೇ ಅದು ನಿಜ ಅನಿಸಿಬಿಟ್ಟಿತ್ತು. ಎಲ್ಲರಿಗಿಂತ ಹೆಚ್ಚು ನಂಬಿದವಳು ಮಾರೆಮ್ಮ.

ಮಾರೆಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ. ಹುಟ್ಟಿದ್ದು ಅಳವಂಡಿಯ ಊರಾಚೆಯ ಕೇರಿಯಲ್ಲಿ. ಗಂಡ ಕನಕಪ್ಪ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ, ತೀರಿಕೊಂಡು ಆರು ವರ್ಷವಾಯಿತು. ಮಕ್ಕಳಾಗಲಿಲ್ಲ. ಅದೇ ಓಣಿಯ ಒಂದು ಬಾಡಿಗೆ ಕೋಣೆಯಲ್ಲಿ ಹನ್ನೊಂದು ವರ್ಷ ಕಳೆದಿದ್ದಳು. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ತಟ್ಟುವುದು ಅವಳ ಬಾಗಿಲು. ಚೀಟಿ ಮಾಡಿಸಿ, ಸಾಲು ತಪ್ಪಿಸಿ ಡಾಕ್ಟರ ಮುಂದೆ ನಿಲ್ಲಿಸುವವಳು ಅವಳು, ಹೆರಿಗೆಯಾದವರ ಬಟ್ಟೆ ಒಗೆಯುವವಳೂ ಅವಳೇ. ಕಿರಾಣಿ ಅಂಗಡಿಯ ಅನ್ನಮ್ಮನ ಅತ್ತೆಗೆ ಲಕ್ವಾ ಹೊಡೆದು ನಾಲ್ಕು ತಿಂಗಳು ಹಾಸಿಗೆ ಹಿಡಿದಾಗ, ಮುದುಕಿಯ ಹೇಲು ಉಚ್ಚೆ ಬಳಿದು ಮೈ ಒರೆಸಿದ್ದು ಸೊಸೆಯಲ್ಲ, ಮಾರೆಮ್ಮ. ಮುದುಕಿಯ ಹೆಣಕ್ಕೆ ನೀರೆರೆಯುವಾಗಲೂ ಅವಳ ಕೈಯೇ ಬೇಕಾಯಿತು. ಅವತ್ತು ಅನ್ನಮ್ಮ ಅವಳನ್ನು ತಬ್ಬಿಕೊಂಡು, ನೀನು ನನ್ನ ಒಡಹುಟ್ಟಿದ ತಂಗಿಗಿಂತ ಹೆಚ್ಚು ಎಂದು ಅತ್ತಿದ್ದಳು. ಸುಳ್ಳಿಗೆ ಅತ್ತಿದ್ದಲ್ಲ, ಕಣ್ಣೀರು ನಿಜವಾದದ್ದೇ ಆಗಿತ್ತು.

ಇಷ್ಟಾದರೂ ಹನ್ನೊಂದು ವರ್ಷದಲ್ಲಿ ಓಣಿಯ ಒಂದು ನರಪಿಳ್ಳೆಯೂ ಮಾರೆಮ್ಮನ ಮನೆಯಲ್ಲಿ ಒಂದು ತುತ್ತು ಉಂಡಿರಲಿಲ್ಲ. ಒಲ್ಲೆ ಎಂದು ಮುಖ ಮುರಿಯುವ ಜನ ಅಲ್ಲ ಅವರು. ಅವಳು ಕರೆದ ದಿನ ಅವರದು ವಾರ ಇರುತ್ತಿತ್ತು, ಅಷ್ಟೇ. ಅನ್ನಮ್ಮನದು ಸೋಮವಾರ ಒಪ್ಪತ್ತು. ಮಂಗಳವಾರ ಮತ್ತು ಶುಕ್ರವಾರ ಹುಲಿಗೆಮ್ಮನಿಗೆ ನಡೆದುಕೊಳ್ಳುವವರು ಹೊರಗೆ ಬಾಯಿ ಮುಟ್ಟುತ್ತಿರಲಿಲ್ಲ. ಮಾಸ್ತರರ ಮನೆಯಲ್ಲಿ ಗುರುವಾರ, ತೆಲುಗಿನವರಲ್ಲಿ ಶನಿವಾರ. ಭಾನುವಾರ ಎಲ್ಲರಿಗೂ ಬೀಗರ ಮನೆಗೆ ಹೋಗುವುದಿರುತ್ತಿತ್ತು. ಗಾದಿ ಹೊಲಿಯುವ ಕಾಸೀಮಬೀ ಒಬ್ಬಳು ಮಾತ್ರ ಹಿಂದಿನ ಬಾಗಿಲಲ್ಲಿ ನಿಂತು ಎರಡು ಗುಟುಕು ಚಹಾ ಕುಡಿಯುತ್ತಿದ್ದಳು. ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಓಣಿಯ ಎರಡೂ ಕಡೆ ನೋಡಿ ಹೊರಬೀಳುತ್ತಿದ್ದಳು.

ಓಣಿಯ ತುದಿಯ ಜಾಗದಲ್ಲಿ ಮಾರೆಮ್ಮ ಎರಡು ಕೋಣೆಯ ಆರ್‌ಸಿಸಿ ಮನೆ ಕಟ್ಟಿಸಿದಳು. ಈಗ ಅವಳಿಗೆ ಒಂದೇ ಆಸೆ. ಮನೆ ಓಪನಿಂಗಿನ ದಿನ ಇಡೀ ಓಣಿ ತನ್ನ ಮನೆಯ ಊಟ ಉಣ್ಣಬೇಕು. ಉಂಡರೆ ತಾನು ಈ ಓಣಿಯವಳು, ಇಲ್ಲದಿದ್ದರೆ ಇನ್ನು ಹನ್ನೊಂದು ವರ್ಷ ಕಳೆದರೂ ಕೇರಿಯಿಂದ ಬಂದು ಕೂತವಳು. ಅಯ್ಯನವರು ಮುಹೂರ್ತಕ್ಕೆ ಶುಕ್ರವಾರ ಒಳ್ಳೆಯದೆಂದರು. ಮಾರೆಮ್ಮ ಒಪ್ಪಲಿಲ್ಲ. ಯಾರ ಯಾರ ವಾರ ಯಾವ್ಯಾವುದು ಎಂದು ಬೆರಳು ಮಡಚುತ್ತ ಹೋದಳು. ಆರು ಬೆರಳು ಮಡಚಿದ ಮೇಲೆ ಬುಧವಾರ ಒಂದು ಉಳಿಯಿತು. ಬುಧವಾರ ಆ ಓಣಿಯಲ್ಲಿ ಯಾವ ದೇವರಿಗೂ ಯಾರೂ ಹೊಟ್ಟೆ ಕಟ್ಟುವುದಿಲ್ಲ. ಬುಧವಾರವೇ ಆಗಲಿ ಎಂದಳು. ಆಸ್ಪತ್ರೆಯಲ್ಲಿ ಅಷ್ಟು ಚುರುಕಾಗಿದ್ದ ಹೆಂಗಸು ಈ ಒಂದು ವಿಷಯದಲ್ಲಿ ಇಷ್ಟು ಪೆದ್ದಿಯಾಗಿದ್ದಳು ನೋಡಿ.

ಅನ್ನಮ್ಮನಿಗೆ ಹೇಳಿದಾಗ ಅವಳು, ಅಡುಗೆ ಯಾರು ಮಾಡುವವರು ಎಂದು ಕೇಳಿದಳು. ತಾನೇ ಮಾಡುವವಳು, ಅಳವಂಡಿಯಿಂದ ಅಣ್ಣನ ಮನೆಯವರು ಬಂದು ಕೈಜೋಡಿಸುತ್ತಾರೆ ಎಂದಳು ಮಾರೆಮ್ಮ. ಅಷ್ಟು ಮಂದಿಗೆ ನಿನ್ನ ಕೈಲಿ ಆಗುವುದಿಲ್ಲ, ದೊಡ್ಡಬಸಪ್ಪನಿಗೆ ಹೇಳೋಣ, ಅವನ ಕೈ ಊಟವೆಂದರೆ ಯಾರೂ ನೆಪ ತೆಗೆಯುವುದಿಲ್ಲ ಎಂದಳು ಅನ್ನಮ್ಮ. ನಿನ್ನ ಮನೆ ಮುಂದೆ ಜಾಗ ಎಲ್ಲಿದೆ, ನಮ್ಮ ಅಂಗಳದಲ್ಲೇ ಒಲೆ ಹೂಡಿಸಿದರಾಯಿತು, ಪಂಕ್ತಿಯೂ ಅಲ್ಲೇ ಕೂಡಲಿ ಎಂದಳು. ತನ್ನ ಕೆಲಸಕ್ಕೆ ಅಂಗಳ ಬಿಟ್ಟುಕೊಡುವವರು ಯಾರಿದ್ದಾರೆ ಎಂದುಕೊಂಡಳು ಮಾರೆಮ್ಮ.

ದೊಡ್ಡಬಸಪ್ಪ ಮದುವೆ ಮುಂಜಿಗಳಿಗೆ ಅಡುಗೆ ಮಾಡುವವನು, ಹಣೆ ತುಂಬ ವಿಭೂತಿ. ಬಂದವನು ಅನ್ನಮ್ಮನ ಕಟ್ಟೆಯ ಮೇಲೆ ಕೂತು ಅನ್ನಮ್ಮನ ಜೊತೆಗೇ ಮಾತಾಡಿದ. ಮಾರೆಮ್ಮ ಮೂರು ಮಾರು ದೂರದಲ್ಲಿ ನಿಂತಿದ್ದಳು. ರೇಶನ್ ಆಕೆಯೇ ತರಲಿ, ಆದರೆ ಚೀಲದ ಬಾಯಿ ಬಿಚ್ಚಬಾರದು, ಹೊಲಿಗೆ ಹಾಕಿದ್ದು ಹಾಕಿದ ಹಾಗೇ ಬರಬೇಕು. ನೀರು ನಾನೇ ತರುತ್ತೇನೆ. ಓಣಿಯವರ ಊಟ ಮುಗಿಯುವವರೆಗೆ ಆಕೆಯಾಗಲಿ ಆಕೆಯ ಕಡೆಯವರಾಗಲಿ ಒಲೆಯ ಹತ್ತಿರ ಬರಬಾರದು, ಆಮೇಲೆ ಅವರವರೇ ಬಡಿಸಿಕೊಳ್ಳಲಿ. ಇಷ್ಟು ಹೇಳಿ ಅವನು, "ಆಕಿಗೆ ತಿಳೀತೇನ್ ಕೇಳ್ರಿ ಅಕ್ಕಾರ" ಎಂದ. ಅನ್ನಮ್ಮ ಮಾರೆಮ್ಮನ ಕಡೆ ತಿರುಗಿದಳು. ಮಾರೆಮ್ಮ ತಲೆಯಾಡಿಸಿದಳು. ಯಾರ ಕೈಯಿಂದ ಬೆಂದರೇನು, ಅಕ್ಕಿ ಬೇಳೆ ಬೆಲ್ಲ ತನ್ನವು, ಕರೆದವಳು ತಾನು, ಉಂಡವರು ತನ್ನ ಮನೆಯಲ್ಲಿ ಉಂಡಂತೆಯೇ ಎಂದು ತನಗೆ ತಾನೇ ಹೇಳಿಕೊಂಡಳು.

ಮಂಗಳವಾರ ಸಂಜೆ ಅಣ್ಣ ದ್ಯಾಮಣ್ಣ, ಅವನ ಹೆಂಡತಿ, ಸೊಸೆಯಂದಿರು, ಎಲ್ಲ ಸೇರಿ ಒಂಬತ್ತು ಜನ ಅಳವಂಡಿಯಿಂದ ಬಂದರು. ದ್ಯಾಮಣ್ಣನ ಹೆಂಡತಿ ಹೋಳಿಗೆ ಲಟ್ಟಿಸಲು ತನ್ನದೇ ಮಣೆ ಲಟ್ಟಣಿಗೆ ಹೊತ್ತು ತಂದಿದ್ದಳು. ಅಡುಗೆ ಬೇರೆ ಕಡೆ, ಒಲೆಯ ಹತ್ತಿರ ಹೋಗಬೇಡಿರಿ ಎಂದು ಮಾರೆಮ್ಮ ಹೇಳಿದಾಗ ಅವಳು ಅವನ್ನು ಚೀಲದಿಂದ ತೆಗೆಯಲೇ ಇಲ್ಲ. ದ್ಯಾಮಣ್ಣ ಹೊಸ ಗೋಡೆಗೆ ಬೆನ್ನು ಕೊಟ್ಟು ಬೀಡಿ ಸೇದುತ್ತ ಕೂತ.

ಬುಧವಾರ ಬೆಳಗ್ಗೆ ಮಾರೆಮ್ಮ ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿದಳು. ಹತ್ತು ಗಂಟೆಗೆ ಓಣಿ ಬರತೊಡಗಿತು. ಒಬ್ಬರೂ ತಪ್ಪಿಸಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದರು, ಟೈಲ್ಸ್ ಮೇಲೆ ಕಾಲಾಡಿಸಿ ನುಣುಪು ನೋಡಿದರು, ನಳ ತಿರುವಿದರು, ಗಾಳಿ ಬೆಳಕು ಛಲೋ ಬರುತ್ತದೆ ಎಂದರು. ಕುಂಕುಮ ಹಚ್ಚಿಸಿಕೊಂಡು, ಎಲೆ ಅಡಿಕೆ ತೆಗೆದುಕೊಂಡರು. ಕಾಸೀಮಬೀ ಹೊಸ ಸೀರೆ ಉಟ್ಟು ಬಂದಿದ್ದಳು. ಮಾರೆಮ್ಮನ ಕೈ ಹಿಡಿದು, ಊಟಕ್ಕೆ ನಾನು ನಿನ್ನ ಮಗ್ಗುಲಲ್ಲೇ ಕೂರುವವಳು ಎಂದಳು. ಎಲ್ಲ ಮುಗಿಸಿ ಓಣಿಯವರು ಸಾಲಾಗಿ ಅನ್ನಮ್ಮನ ಅಂಗಳಕ್ಕೆ ನಡೆದರು. ಅಲ್ಲಿ ಬಾಗಿಲಲ್ಲಿ ನಿಂತು ಬರ್ರಿ ಬರ್ರಿ ಎನ್ನುತ್ತಿದ್ದವಳು ಅನ್ನಮ್ಮ.

ಮಾರೆಮ್ಮ ಅಂಗಳದ ಗೇಟಿನ ಹೊರಗೆ ನಿಂತು ನೋಡಿದಳು. ಮೂರು ಪಂಕ್ತಿ. ಒಲೆಗೆ ಹತ್ತಿರದ ಪಂಕ್ತಿಯಲ್ಲಿ ಮಾಸ್ತರರು, ತೆಲುಗಿನವರು, ಸೇಠು. ಕೊನೆಯ ಪಂಕ್ತಿಯಲ್ಲಿ, ತುದಿಗೆ, ಕಾಸೀಮಬೀಯ ಕಡೆಯವರು. ಎಲೆ ಬಿದ್ದವು. ಉಪ್ಪು, ಎಣ್ಣೆಗಾಯಿ ಪಲ್ಯ, ಹಪ್ಪಳ, ಎರಡೆರಡು ಹೋಳಿಗೆ. ಇಡೀ ಓಣಿ ತನ್ನ ಅಕ್ಕಿ ಬೇಳೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದೆ. ಅವಳಿಗೆ ಮೈಯೆಲ್ಲ ಹಗುರಾಯಿತು. ಆಗ ಅವಳು ದೊಡ್ಡಬಸಪ್ಪನಿಗೆ ಕೊಟ್ಟ ಮಾತು ಮರೆತಳೋ, ಉಣ್ಣುವವರನ್ನು ವಿಚಾರಿಸುವುದು ಮನೆಯೊಡತಿಯ ಕೆಲಸ ಎಂಬುದೊಂದೇ ನೆನಪಿಗೆ ಬಂತೋ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಬಡಿಸುವವನು ಕೆಳಗಿಟ್ಟಿದ್ದ ತುಪ್ಪದ ಗಿಂಡಿ ಎತ್ತಿಕೊಂಡು ಮೊದಲನೇ ಪಂಕ್ತಿಯ ಮೊದಲನೇ ಎಲೆಯ ಮುಂದೆ ಬಾಗಿದಳು.

ಮಾಸ್ತರರು ಎರಡೂ ಅಂಗೈ ಎಲೆಗೆ ಅಡ್ಡ ಹಿಡಿದು ಸಾಕು ಸಾಕು ಎಂದರು. ಎಲೆಯ ಮೇಲಿನ ಹೋಳಿಗೆ ಒಣಗಿದ್ದವು, ತುಪ್ಪ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಮಾಸ್ತರರಿಗೆ ವಯಸ್ಸಾಗಿದೆ, ತುಪ್ಪ ವರ್ಜ್ಯವಿರಬೇಕು ಎಂದುಕೊಂಡು ಅವಳು ಮುಂದೆ ಹೋದಳು. ಮುಂದಿನವರೂ ಕೈ ಅಡ್ಡ ಹಿಡಿದರು. ಅವರ ಮುಂದಿನವರೂ. ಅವಳು ಬರುವ ಮೊದಲೇ ಕೈಗಳು ಏಳತೊಡಗಿದವು. ಎರಡನೇ ಪಂಕ್ತಿಯಲ್ಲಿ ಯಾರೂ ಸಾಕು ಎಂದು ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಮಾಸ್ತರರು ಎದ್ದು ಎಲೆ ಮಡಚಿದ್ದು ಅವಳ ಬೆನ್ನ ಹಿಂದೆ ಕೇಳಿಸಿತು. ಅವಳು ನಿಲ್ಲಲಿಲ್ಲ. ಕೊನೆಯ ಪಂಕ್ತಿಯ ತುದಿಯಲ್ಲಿ ಕಾಸೀಮಬೀ ಇದ್ದಳಲ್ಲ, ಅಲ್ಲಿಗೆ ಮುಟ್ಟಿದರೆ ಸಾಕಿತ್ತು.

ಕಾಸೀಮಬೀ ಅನ್ನಮ್ಮನ ಅಂಗಳದಲ್ಲಿ ಪಂಕ್ತಿಗೆ ಕೂತದ್ದು ಅವತ್ತೇ ಮೊದಲು. ಎಲ್ಲರ ಕಣ್ಣು ಅವಳ ಎಲೆಯ ಮೇಲಿತ್ತು. ಅವಳು ಮಾರೆಮ್ಮನ ಮುಖ ನೋಡಲಿಲ್ಲ. ಬಗ್ಗಿ, ಎರಡೂ ಕೈ ಎಲೆಯ ಮೇಲೆ ಹರವಿದಳು.

"ನನಗ ಬ್ಯಾಡ, ಮಾರೆಮ್ಮ" ಎಂದಳು.

ದೊಡ್ಡಬಸಪ್ಪ ಬಂದು ಗಿಂಡಿ ನೆಲಕ್ಕಿಡು ಎಂದು ಬೆರಳು ತೋರಿಸಿದ. ಅವಳು ಇಟ್ಟಳು. ಅವನು ಬಟ್ಟೆ ಸುತ್ತಿ ಅದನ್ನೆತ್ತಿ, ಎಲ್ಲರೂ ನೋಡುವ ಹಾಗೆ ಗಟಾರಕ್ಕೆ ಸುರಿದು, ಹೊಸ ಡಬ್ಬಿ ಒಡೆದ. ಆ ಡಬ್ಬಿಯೂ ಮಾರೆಮ್ಮ ತಂದದ್ದೇ. ಅನ್ನಮ್ಮ ಅವಳ ಕೈ ಹಿಡಿದು ಗೇಟಿನವರೆಗೆ ಕರೆತಂದಳು. ಸಿಟ್ಟಾಗಲಿಲ್ಲ, ಅದನ್ನು ಹೇಳಲೇಬೇಕು. ಮಗುವಿಗೆ ತಿಳಿಹೇಳುವ ಹಾಗೆ ಮೆಲ್ಲಗೆ ಹೇಳಿದಳು.

"ಪಾಪ, ಉಣ್ಣಾಕ ಕುಂತಾರ. ನೀ ಕಣ್ಮುಂದ ಬಂದ್ರ ಅವರಿಗೆ ನೆನಪಾಗ್ತೈತಿ. ಮನಿಗೆ ಹೋಗಿ ಕುಂದರು, ನಾ ಎಲ್ಲಾ ನೋಡ್ಕೋತೀನಿ."

ಅನ್ನಮ್ಮ ನೋಡಿಕೊಂಡಳು. ಹೊಸ ಡಬ್ಬಿಯ ತುಪ್ಪವನ್ನು ಎಲ್ಲರೂ ಕೇಳಿ ಕೇಳಿ ಹಾಕಿಸಿಕೊಂಡರು. ಮಾಸ್ತರರಿಗೂ ಬೇರೆ ಎಲೆ ಬಿತ್ತು.

ಹೊಸ ಮನೆಯಲ್ಲಿ ದ್ಯಾಮಣ್ಣ ಎದ್ದು ನಿಂತಿದ್ದ, ಹೆಂಗಸರು ಚೀಲ ಕಟ್ಟುತ್ತಿದ್ದರು. ಓಣಿಯವರದು ಮುಗಿಯಲಿ, ನಮ್ಮ ಪಾಲಿನದು ಬರುತ್ತದೆ, ಉಂಡು ಹೋಗಿರಿ ಎಂದು ಮಾರೆಮ್ಮ ಅಣ್ಣನ ಕಾಲಿಗೆ ಬೀಳುವುದೊಂದು ಬಾಕಿ. ಗೇಟಿನ ಹತ್ತಿರ ಆದದ್ದನ್ನೆಲ್ಲ ಅವನು ಕಿಟಕಿಯಿಂದ ನೋಡಿದ್ದ.

"ನಾವು ಮುಟ್ಟಬಾರದವರು ಅಂತ ಅವರು ಅಂದ್ರ ನನಗ ಏನೂ ಅನ್ಸೂದಿಲ್ಲವ್ವ, ಹುಟ್ಟಿದಾಗಿಂದ ಕೇಳೇನಿ" ಎಂದ ದ್ಯಾಮಣ್ಣ. "ಇವತ್ತು ನೀನ ಅಂದಿ. ನಿಮ್ಮತ್ತಿಗಿ ಮಣಿ ಹೊತ್ಕೊಂಡು ಬಂದಿದ್ಲು, ಒಲಿ ಕಡಿ ಬರಬ್ಯಾಡಂತ ಹೇಳಿದಾಕಿ ನೀನ. ಅವರ ಉಂಡು ಬಿಟ್ಟಿದ್ದು ಉಣ್ಣಾಕ ನಮಗ ಅಳವಂಡ್ಯಾಗ ಬೇಕಾದಷ್ಟು ಮನಿ ಅದಾವ. ತಂಗಿ ಮನಿಗೂ ಅದಕ್ಕ ಬರಬೇಕೇನು?"

ಒಂಬತ್ತು ಜನ ಹಸಿದ ಹೊಟ್ಟೆಯಲ್ಲಿ ಬಸ್ ಸ್ಟ್ಯಾಂಡಿಗೆ ನಡೆದರು. ಅಂಗಳದ ಮುಂದೆ ಹಾದು ಹೋಗುವಾಗ, ಅಡಿಕೆ ಜಗಿಯುತ್ತ ನಿಂತವರು ಊಟ ಆಯಿತೇ ಎಂದು ಅವರನ್ನು ಕೇಳಿದರು. ಕೇಳುವುದು ಆ ಓಣಿಯ ರೂಢಿ. ಸಂಜೆಯ ತನಕ ಜನ ಅನ್ನಮ್ಮನ ಕಟ್ಟೆಯ ಮೇಲೆ ಕೂತು ಹೋಳಿಗೆಯನ್ನು ಹೊಗಳಿದರು. ಇಷ್ಟೊಂದು ಜಾತಿಯವರು ಒಂದೇ ಅಂಗಳದಲ್ಲಿ ಉಂಡದ್ದು ಗಂಗಾವತಿಯಲ್ಲಿ ಇನ್ನೆಲ್ಲೂ ಇಲ್ಲ ಎಂದು ಮಾಸ್ತರರು ಹೇಳಿದ್ದು ಮಾರೆಮ್ಮನ ಮನೆಯವರೆಗೂ ಕೇಳಿಸಿತು. ಅವಳು ಹಾಲು ಉಕ್ಕಿಸಿದ ಪಾತ್ರೆಯನ್ನು ತೊಳೆಯದೆ ಹಾಗೇ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆಳಗಿನಿಂದ ನೀರು ಬಿಟ್ಟರೆ ಏನೂ ಹೊಟ್ಟೆಗೆ ಬಿದ್ದಿರಲಿಲ್ಲ. ಮನೆಯೊಡತಿ ಎಲ್ಲರದೂ ಆದ ಮೇಲೆ ಉಣ್ಣಬೇಕಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಅನ್ನಮ್ಮ ಬಂದಳು, ಕೈಯಲ್ಲಿ ಪಾತ್ರೆ. ಹೋಳಿಗೆ ಉಳಿದಿವೆ, ಕಟ್ಟಿನ ಸಾರೂ ಇದೆ, ಮನೆಯವರಿಗೆಲ್ಲ ಸಾಕಾಗಿಹೋಯಿತು, ಕೆಡಿಸುವುದೇಕೆ ಎಂದು ತಂದೆ ಎಂದಳು. ಹೊಸಿಲಿನ ಹೊರಗೇ ನಿಂತು, ನಿನ್ನ ತಾಟು ತಗೊಂಡು ಬಾ ಎಂದಳು. ಮಾರೆಮ್ಮ ತಾಟು ತಂದು ಹಿಡಿದಳು. ಅನ್ನಮ್ಮ ಒಂದು ಗೇಣು ಮೇಲಿನಿಂದ, ಪಾತ್ರೆ ತಾಟಿಗೆ ತಾಗದ ಹಾಗೆ, ಮೂರು ಹೋಳಿಗೆ ಬೀಳಿಸಿ ಸಾರು ಸುರಿದಳು. ಸಾರು ಸಿಡಿದು ಹೊಸ ಟೈಲ್ಸಿನ ಮೇಲೆ ಬಿತ್ತು.

ಆಮೇಲೆ ಹೋಗಬಹುದಿತ್ತು. ಹೋಗಲಿಲ್ಲ. ನಿನ್ನೆ ಏನೂ ಉಂಡಿಲ್ಲವಂತಲ್ಲ, ನನ್ನ ಮುಂದೆ ಉಣ್ಣು, ನಿನ್ನ ಹೊಟ್ಟೆ ತುಂಬಿದರೆ ನನಗೆ ಸಮಾಧಾನ ಎಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಒಂದು ತುತ್ತು ಉಂಡಿರಲಿಲ್ಲ. ತಾಟು ಎಸೆಯಬೇಕೆಂದು ಮಾರೆಮ್ಮನ ಕೈ ಒಂದು ಸಲ ಬಿಗಿಯಾಯಿತು. ಆದರೆ ಹಸಿವು ಮಾನ ಮರ್ಯಾದೆ ಕೇಳುವಂಥದ್ದಲ್ಲ, ಓಣಿ ಬಿಟ್ಟು ಹೋಗಲು ಇನ್ನೊಂದು ಜಾಗವೂ ಉಳಿದಿರಲಿಲ್ಲ. ಅಳವಂಡಿಯ ಬಾಗಿಲು ನಿನ್ನೆಯೇ ಮುಚ್ಚಿತ್ತು. ಅವಳು ನೆಲಕ್ಕೆ ಕೂತು ಹೋಳಿಗೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟಳು. ಅಗಿದಳು, ನುಂಗಿದಳು. ಅನ್ನಮ್ಮ ಹತ್ತಿರಕ್ಕೆ ಬಗ್ಗಿ ಕೇಳಿದಳು.

"ಹ್ಯಾಂಗೈತಿ ನಮ್ಮ ಊಟ?"

"ಛಲೋ ಐತ್ರಿ, ಅಕ್ಕಾರ" ಎಂದಳು ಮಾರೆಮ್ಮ.