ತೋಟವಲ್ಲ, ತೋಟೆ

ಈಗಲೂ ಸ್ನಾನದ ಹೊತ್ತಿಗೆ ಕಿವಿಗೆ ನೀರು ತುಂಬಿ ಸದ್ದು ನಿಂತರೆ, ನನ್ನ ಕೈ ತಾನಾಗಿ ಗೋಡೆ ಹಿಡಿಯುತ್ತದೆ.

ಕೊಡಗು ಮೈಸೂರಿಗೆ ಸೇರಿದ ಹೊಸತು. ಮಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಮುಗಿಸಿ ಕರಿಕೆಯ ಅಕ್ಕನ ಮನೆಗೆ ಬಂದಿದ್ದೆ. ದೇವಸ್ಥಾನದ ಕೆಳಗೆ ಹೊಳೆಯಲ್ಲಿ ಒಂದು ಗುಂಡಿ. ಅದರ ಮೀನು ದೇವರದು, ಯಾರೂ ಬಲೆ ಹಾಕುವಂತಿಲ್ಲ. ಕಡಲಿನ ಹವಳದ ದಿಬ್ಬಗಳನ್ನು ನಾನು ಪುಸ್ತಕದಲ್ಲಷ್ಟೇ ಕಂಡವನು. ಅವುಗಳ ಸಂದುಗಳಲ್ಲಿ ಮೀನು ಮರಿಗಳು ಅಡಗಿ ಬೆಳೆಯುವುದನ್ನು ಓದಿದ್ದು ಈ ಗುಂಡಿಯ ಬಂಡೆ ನೋಡಿದಾಗೆಲ್ಲ ನೆನಪಾಗುತ್ತಿತ್ತು. ನೀರಿಗಿಳಿದು ಅದರಡಿ ಇಣುಕುವುದು ನನಗೆ ಅಭ್ಯಾಸವಾಯಿತು.

ಆ ವರ್ಷ ಮೀನು ಕಡಿಮೆಯಾಗುತ್ತ ಬಂತು. ನೀರುನಾಯಿಯ ಕೆಲಸ ಎಂದರು ಊರಿನವರು. ಎಲ್ಲರಿಗಿಂತ ಜೋರಾಗಿ ಹೇಳಿದವರು ಅಕ್ಕನ ಗಂಡ. ರಸ್ತೆಗಾಗಿ ಬಂಡೆ ಒಡೆಸುವ ಮೇಸ್ತ್ರಿ ಅವರು. ನೀರುನಾಯಿ ತಿಂದಿದ್ದರೆ ಕಲ್ಲಿನ ಮೇಲೆ ಹುರುಪೆ, ಮುಳ್ಳು ಉಳಿಯಬೇಕಿತ್ತು. ಒಂದೂ ಇರಲಿಲ್ಲ. ಅಕ್ಕನ ಅಟ್ಟದಲ್ಲಿ ಒಣಮೀನಿನ ವಾಸನೆಯಿತ್ತು. ಘಟ್ಟದ ಕೆಳಗಿನ ಸಂತೆಯದು ಎಂದು ಅವಳು ನನ್ನ ಮುಖ ನೋಡದೆ ಹೇಳಿದಳು.

ಒಂದು ಸಂಜೆ ಗೋಡೆಯಾಚೆ ಭಾವ ಯಾರಿಗೋ ಮೆಲ್ಲಗೆ ಏನೋ ಹೇಳುತ್ತಿದ್ದರು. ಕಿವಿಯಿಟ್ಟೆ. ನಾಳೆ ಮಧ್ಯಾಹ್ನ, ತೋಟ, ಅಷ್ಟೇ ಕೇಳಿಸಿತು. ಹಾಗಾದರೆ ಅವರು ಕಾಫಿ ತೋಟದಲ್ಲಿರುತ್ತಾರೆ, ಗುಂಡಿಯ ಬಳಿ ಕುರುಹು ಹುಡುಕಲು ಅದೇ ಸರಿಯಾದ ಹೊತ್ತು ಅಂದುಕೊಂಡೆ.

ಮರುದಿನ ಎದೆಮಟ್ಟದ ನೀರಿನಲ್ಲಿ ನಿಂತು ಬಂಡೆಯಡಿ ನೋಡಿದೆ. ಕಾಲು ಜೋಮು ಹಿಡಿಯಿತೆಂದು ಮೇಲೆ ಹತ್ತಿ ಕುಳಿತೆ. ಹತ್ತದೇ ಇದ್ದಿದ್ದರೆ? ಎದುರು ದಡದಿಂದ ಹೊಗೆಯಾಡುವ ವಸ್ತುವೊಂದು ಹಾರಿ ಬಂದು ನೀರಿಗೆ ಬಿತ್ತು. ಕೂತ ಬಂಡೆ ನಡುಗಿತು, ನೀರು ಎದ್ದು ನನ್ನನ್ನು ಹಿಂದಕ್ಕೆ ಕೆಡವಿತು. ಕಣ್ಣು ಬಿಟ್ಟಾಗ ಯಾವ ಸದ್ದೂ ಇಲ್ಲ. ಬಿಳಿ ಹೊಟ್ಟೆಗಳು ಒಂದೊಂದಾಗಿ ಮೇಲೆ ಬರುತ್ತಿದ್ದವು, ಬೆರಳುದ್ದದ ಮರಿಗಳೂ.

ಆಚೆ ದಡದಲ್ಲಿ ಕುಕ್ಕೆ ಹಿಡಿದು ನಿಂತಿದ್ದವರು ಭಾವ. ಆಗ ಹೊಳೆಯಿತು: ತೋಟವಲ್ಲ, ತೋಟೆ. ಬಂಡೆ ಒಡೆಯುವ ಸಿಡಿಮದ್ದು.

ಅವರು ಹೊಳೆ ದಾಟಿ ಬಂದು ನನ್ನನ್ನು ಎಬ್ಬಿಸಿ ಕೂರಿಸಿದರು. ಕಿವಿ ಬಿಟ್ಟ ಮೇಲೆ ಕೇಳಿದ ಮೊದಲ ಮಾತು ಅವರದೇ. ನನ್ನನ್ನೂ ಅವರು ಭಾವ ಎಂದೇ ಕರೆಯುತ್ತಿದ್ದರು.

"ಎಂತ ಭಾವ, ನಿನ್ನೆ ತೋಟೆ ಅಂತ ಹೇಳಿದ್ದು ಸರಿಯಾಗಿ ಕೇಳ್ಲಿಲ್ವಾ?"

ನನಗೆ ಅವರು ಹೇಳಿರಲೇ ಇಲ್ಲ, ಗೋಡೆಗೆ ಕಿವಿಯಿಟ್ಟು ನಾನೇ ಕದ್ದು ಕೇಳಿದ್ದು.

ಅದೇ ಸಂಜೆ ದೇವಸ್ಥಾನದ ಮೊಕ್ತೇಸರರಿಗೆ ಎಲ್ಲವನ್ನೂ ತಿಳಿಸಿದೆ. ಗುಂಡಿಗೆ ಕಾವಲು ಬಿತ್ತು. ಅಕ್ಕ ನನ್ನ ಟ್ರಂಕನ್ನು ಜಗಲಿಗೆ ತಂದಿಟ್ಟಳು. ಈಗ ಅಲ್ಲಿ ಮತ್ತೆ ಮೀನು ತುಂಬಿವೆಯಂತೆ. ನಾನು ನೋಡಲು ಹೋಗಿಲ್ಲ. ತೋಟೆ ಸಿಡಿದ ಹಿಂದಿನ ಸಂಜೆಯನ್ನೇ ಮತ್ತೆ ಮತ್ತೆ ನೆನೆಯುತ್ತೇನೆ. ಗೋಡೆಯಾಚೆ ಭಾವ ಮಾತಾಡುತ್ತಿದ್ದುದು ಯಾರೊಡನೆ? ಇನ್ನೊಬ್ಬರ ಸ್ವರ ನನಗೆ ಕೇಳಿಸಿಯೇ ಇರಲಿಲ್ಲ.