ಬುಡು ಅಂದದ್ದು ಯಾರು

ಐವತ್ತರ ದಶಕದಲ್ಲಿ ಅಂತರಸಂತೆಯ ಕಾಡಂಚಿನಲ್ಲಿ ನಮ್ಮ ಹೊಲವಿತ್ತು. ನಮ್ಮ ನಾಯಿಗೆ ಚೆಂಡು ಬಿಡುವುದನ್ನು ಕಲಿಸಿದವಳು ನನ್ನ ಹೆಂಡತಿ. ತೆಂಗಿನ ನಾರಿನ ಚೆಂಡನ್ನು ಅದು ಕಚ್ಚಿ ಎಳೆದಾಡುವಾಗ ಅವಳು ಎಳೆಯುವುದನ್ನು ನಿಲ್ಲಿಸಿ, ಮುದ್ದೆಯ ಚೂರು ತೋರಿಸಿ, "ಬುಡು" ಅನ್ನುತ್ತಿದ್ದಳು. ಬಿಟ್ಟರೆ ಮುದ್ದೆ ಸಿಗುತ್ತಿತ್ತು, ಆಮೇಲೆ ಚೆಂಡೂ ವಾಪಸು. ತಿಂಗಳೊಳಗೆ ಆ ಮಾತೊಂದೇ ಸಾಕಾಯಿತು.

ಒಂದು ಬೆಳಿಗ್ಗೆ ರಾಗಿ ಹೊಲಕ್ಕೆ ಕಾಡುಹಂದಿ ನುಗ್ಗಿತು. ನಾಯಿ ಅದರ ಕಿವಿಯನ್ನು ಕಚ್ಚಿ ಹಿಡಿಯಿತು. ನಾನು ದೊಣ್ಣೆ ಎತ್ತಿ ಓಡಿದೆ, ಹೆಂಡತಿ ಹೆದರಿ ನನ್ನ ತೋಳು ಹಿಡಿದುಕೊಂಡಳು. "ಬುಡು" ಎಂಬ ಮಾತು ಕೇಳಿಸಿತು. ನಾಯಿ ಕಿವಿ ಬಿಟ್ಟು ತಿರುಗಿ, ಮುದ್ದೆಗಾಗಿ ಅವಳ ಕೈ ನೋಡಿತು. ಹಂದಿ ನಾಯಿಯ ಹೊಟ್ಟೆ ಸೀಳಿತು.

"ಓಗ್ಲಿ ಬುಡು" ಎಂದು ಅವಳು ನನ್ನನ್ನು ತಡೆದಳು, ಅದಕ್ಕೇ ನಾಯಿ ಸತ್ತಿತು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಒಮ್ಮೆ ನೆಂಟರ ಮುಂದೆ ಅದನ್ನೇ ಹೇಳುವಾಗ, ಅಕ್ಕಿ ಆರಿಸುತ್ತಿದ್ದ ಅವಳು ತಲೆ ಎತ್ತದೆ ಅಂದಳು:

"ನಿಮ್ಗೆ ನಾನ್ಯಾವತ್ತು ಬುಡು ಅಂದಿದೀನಿ? ಬುಡಿ ಅಂತೀನಿ ಕಣ್ರೀ."

ತೋಳು ಬಿಡಿಸಿಕೊಳ್ಳಲು ಅವಳಿಗೆ "ಬುಡು" ಅಂದವನು ನಾನೇ ಇರಬೇಕು. ಆದರೂ ಆ ಬೆಳಿಗ್ಗೆಯನ್ನು ನೆನೆದಾಗ ನನಗೆ ಕೇಳಿಸುವುದು ಈಗಲೂ ಅವಳ ದನಿಯೇ.