ಬೆಂಕಿ ಉಗುಳದ ಡ್ರ್ಯಾಗನ್

ಮರಳುಗಾಡಿನ ಡ್ರ್ಯಾಗನ್ ಬೆಂಕಿ ಉಗುಳುವುದಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ವಾದಿಸಿ ಗೆಲ್ಲಬಲ್ಲೆ. ಏಕೆಂದರೆ ಆ ಜಾತಿಯನ್ನು ಹುಟ್ಟಿಸಿದ್ದು ನಮ್ಮ ಅವ್ವ, ಪುಣೆಯ ಧನಕವಡಿಯ ಎರಡು ಕೋಣೆಯ ಮನೆಯಲ್ಲಿ.

ತೊಂಬತ್ತರ ದಶಕದ ಮಾತು. ಆ ವರ್ಷ ನಮ್ಮ ಗಲ್ಲಿಯ ಗಣಪತಿ ಮಂಡಳದವರು ಮೂರ್ತಿಯ ಎದುರು ಮರಳುಗಾಡಿನ ದೃಶ್ಯ ಕಟ್ಟುವುದು, ಅದರಲ್ಲೊಂದು ಡ್ರ್ಯಾಗನ್ ನಿಲ್ಲಿಸುವುದು ಎಂದು ತೀರ್ಮಾನಿಸಿದ್ದರು. ಮರಳು ಪಕ್ಕದ ಕಟ್ಟಡದ ಕೆಲಸದಿಂದ ಬಂತು. ಡ್ರ್ಯಾಗನ್ ಎಲ್ಲಿಂದ ತರುವುದು ಎಂದು ಅವರು ತಲೆ ಕೆರೆದುಕೊಳ್ಳುವಾಗ, ಹೈಸ್ಕೂಲು ಹುಡುಗಿ ನಾನು ನಡುವೆ ಬಾಯಿ ಹಾಕಿ, ನಮ್ಮವ್ವ ಹೊಲಿದು ಕೊಡುತ್ತಾಳೆ ಎಂದುಬಿಟ್ಟೆ. ಅವ್ವ ವಿಜಾಪುರದ ಕಡೆಯವಳು. ಹಳೆ ಸೀರೆ, ಧೋತರ ಪದರಪದರಾಗಿ ಜೋಡಿಸಿ ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗಲ್ಲಿಗೆ ಅದು ಗೊತ್ತಿರಲಿಲ್ಲ, ಅಷ್ಟೆ. ಅವಳ ಮರಾಠಿ ತರಕಾರಿ ಗಾಡಿಯ ಆಚೆ ಹೋಗುತ್ತಿರಲಿಲ್ಲ. ಅಲ್ಲಿನ ಹೆಂಗಸರ ಪಾಲಿಗೆ ಅವಳು ಇದ್ದೂ ಇಲ್ಲದವಳು. ಅದು ನನ್ನನ್ನು ಬಹಳ ಚುಚ್ಚುತ್ತಿತ್ತು.

ಚಿತ್ರ ಬರೆದು ತೋರಿಸಿದೆ. ರೆಕ್ಕೆ ಇರುವ ಉಡ ಎಂದುಕೊಂಡಳು. ಬಾಯಿಂದ ಬರುವ ಬೆಂಕಿಗೆ ಕೆಂಪು ಸೀರೆ ಹರಿಯೋಣವೇ ಎಂದಾಗ ಸೂಜಿ ನಿಲ್ಲಿಸಿ ನನ್ನನ್ನೇ ನೋಡಿದಳು.

"ಕುಡ್ಯಾಕ ನೀರ ಇಲ್ಲದಲ್ಲಿ ಬೆಂಕಿ ಉಗುಳಿ ಬಾಯಿ ಯಾಕ ಒಣಗಿಸ್ಕೋತದ? ಅದಕ್ಕ ಬುದ್ಧಿ ಇಲ್ಲೇನು?"

ಅಲ್ಲಿಂದ ಮುಂದೆ ಅದರ ಸ್ವಭಾವವನ್ನೆಲ್ಲ ಅವಳೇ ನಿರ್ಧರಿಸಿದಳು. ಬಿಸಿಲೇರಿದರೆ ಅದು ಮೂಗಷ್ಟೇ ಹೊರಗಿಟ್ಟು ಮರಳಲ್ಲಿ ಹೂತುಕೊಳ್ಳುತ್ತದೆ. ಬೆಳಗಿನ ಜಾವ ಮೈಮೇಲಿನ ಚಿಪ್ಪುಗಳ ಸಂದಿಯ ಇಬ್ಬನಿ ನೆಕ್ಕಿ ದಿನ ಕಳೆಯುತ್ತದೆ. ರೆಕ್ಕೆ ಹಾರಲಿಕ್ಕಲ್ಲ, ಮೊಟ್ಟೆಗೆ ನೆರಳು ಮಾಡಲಿಕ್ಕೆ. ಹೆಣ್ಣುಗಳು ಸರದಿಯ ಮೇಲೆ ನಿಲ್ಲುತ್ತವೆ. ಗಂಡು ಏನು ಮಾಡುತ್ತದೆ ಎಂದು ಕೇಳಿದೆ. ಊಟದ ಹೊತ್ತಿಗೆ ಬರುತ್ತದೆ ಎಂದಳು, ಪೇಪರ್ ಓದುತ್ತಿದ್ದ ಅಪ್ಪನಿಗೆ ಕೇಳುವಷ್ಟು ಜೋರಾಗಿ.

ಕೌದಿ ಮುಗಿಸುವಾಗ ಕೊನೆಯ ಸಂದಿಯಲ್ಲಿ ಒಂದು ಹಿಡಿ ಜೋಳ ಇಟ್ಟು ಹೊಲಿಯುವುದು ಅವ್ವನ ತವರಿನ ಪದ್ಧತಿ. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಡ್ರ್ಯಾಗನ್ನಿನ ಹೊಟ್ಟೆ ದೊಡ್ಡದಲ್ಲವೇ, ಬೊಗಸೆಗಟ್ಟಲೆ ಸುರಿದಳು. ಮಂಡಳದ ಅಧ್ಯಕ್ಷ, ಮೂಲೆಯ ಸೈಕಲ್ ಅಂಗಡಿಯವನು, ಬೆಂಕಿ ಎಲ್ಲಿ ಎಂದು ಮುಖ ಹುಳ್ಳಗೆ ಮಾಡಿಕೊಂಡೇ ಅದನ್ನು ಮರಳ ಮೇಲೆ ಕೂರಿಸಿದ.

ಪುಣೆಯ ಮಳೆ ಸುಮ್ಮನಿರುತ್ತದೆಯೇ? ತಾಡಪತ್ರಿ ಸೋರಿ ಡ್ರ್ಯಾಗನ್ ತೊಯ್ದು ತೊಪ್ಪೆಯಾಯಿತು. ಒಣಗೀತು ಎಂದು ಕಾದರೆ, ಒಂದು ಸಂಜೆ ಆರತಿಯ ಹೊತ್ತಿಗೆ ಹೊಟ್ಟೆಯ ಹೊಲಿಗೆಯಿಂದ ಹಸಿರು ಮೊಳಕೆಗಳು ಇಣುಕುತ್ತಿದ್ದವು. ಜನ ಬೊಟ್ಟು ಮಾಡಿ ನಕ್ಕರು. ಇದನ್ನು ಈಗಲೇ ತೆಗೆಯಿರಿ, ಒಳಗೆ ಕಾಳು ತುಂಬಿದವರು ಯಾರು ಎಂದು ಅಧ್ಯಕ್ಷ ಕೂಗಾಡಿದ. ಅವ್ವ ಸೆರಗು ಹೊದ್ದು ಹಿಂದೆ ನಿಂತಿದ್ದಳು. ಇನ್ನು ಇವಳು ಈ ಗಲ್ಲಿಯಲ್ಲಿ ತಲೆ ಎತ್ತುವುದಿಲ್ಲ ಎಂದುಕೊಂಡೆ.

ಅವಳು ಮುಂದೆ ಬಂದಳು. ಮರಾಠಿ ಸಾಲದೆ ಕನ್ನಡದಲ್ಲೇ ಹೇಳಿದಳು.

"ನಾನ ತುಂಬೀನ್ರಿ. ಯಾರನ್ನೂ ಉಪಾಸ ಹೊಟ್ಟಿಲೆ ಕಳಸೂದು ನಮ್ಮಲ್ಲಿಲ್ಲ."

ನಾನು ಮೈಕು ಕಿತ್ತುಕೊಂಡು ಅದನ್ನು ಮರಾಠಿಯಲ್ಲಿ ಹೇಳಿದೆ. ಬಾಯಿ ಅಷ್ಟಕ್ಕೇ ನಿಲ್ಲಲಿಲ್ಲ. ಈ ಜಾತಿಯ ತಾಯಿ ಕಾಳನ್ನು ತಾನು ಅರಗಿಸಿಕೊಳ್ಳದೆ ಹೊಟ್ಟೆಯಲ್ಲಿ ಕಾಪಾಡುತ್ತದೆ, ವರ್ಷಗಟ್ಟಲೆ ಮಳೆಗೆ ಕಾಯುತ್ತದೆ, ಮಳೆ ಬಿದ್ದಾಗ ತನ್ನ ಮೈಯಲ್ಲೇ ಬೆಳೆ ತೆಗೆದು ಮರಿಗಳಿಗೆ ಉಣಿಸುತ್ತದೆ ಎಂದೆ. ಅರ್ಧ ಅಲ್ಲೇ ಹೊಳೆದದ್ದು, ಅರ್ಧ ಅವ್ವನನ್ನು ನೋಡಿ ಹೇಳಿದ್ದು. ನಗು ನಿಂತಿತು. ಒಬ್ಬ ಅಜ್ಜಿ ಬಂದು ಮೊಳಕೆಗಳಿಗೆ ಅರಿಶಿನ ಕುಂಕುಮ ಏರಿಸಿದ ಮೇಲೆ ಅದನ್ನು ತೆಗೆಸುವ ಧೈರ್ಯ ಅಧ್ಯಕ್ಷನಿಗೂ ಆಗಲಿಲ್ಲ. ಮರುದಿನದಿಂದ ಪಕ್ಕದ ಗಲ್ಲಿಯವರೂ ನೋಡಲು ಬಂದರು. ಹೊಲಿದವಳು ನಮ್ಮವ್ವ ಎಂದು ಕೇಳದವರಿಗೂ ಹೇಳಿದೆ. ಅಷ್ಟು ಹೆಮ್ಮೆ ನನಗೆ ಯಾವ ಪರೀಕ್ಷೆ ಪಾಸಾದಾಗಲೂ ಆಗಿಲ್ಲ.

ವಿಸರ್ಜನೆಯಾದ ಮೇಲೆ ಅವ್ವ ಹೊಲಿಗೆ ಬಿಚ್ಚಿ ಸಸಿಗಳನ್ನು ಹಳೆ ಎಣ್ಣೆ ಡಬ್ಬಿಗಳಲ್ಲಿ ನೆಟ್ಟಳು. ಡ್ರ್ಯಾಗನ್ ಮರಿ ಎಂದು ಹೆಂಗಸರು ಒಂದೊಂದು ಒಯ್ದರು. ಕೂತು, ಚಹಾ ಕುಡಿದು ಒಯ್ದರು. ಕೊನೆಗೆ ಅಧ್ಯಕ್ಷನೇ ಬಂದ. ಕಾಕೂ, ನನಗೂ ಒಂದು ಮರಿ ಕೊಡಿ, ಹೇಗೆ ಸಾಕಬೇಕು ಹೇಳಿ ಎಂದ.

ಎಂದಿನಂತೆ ನಾನು ಬಾಯಿ ತೆರೆದೆ. ಅವ್ವ ಕೈ ಮಾಡಿ ತಡೆದು, ತನ್ನ ಹರಕುಮುರುಕು ಮರಾಠಿಯಲ್ಲಿ ತಾನೇ ಹೇಳಿದಳು: ದಿನಾ ನೀರು ಹಾಕು, ಬೆಂಕಿ ಮಾತ್ರ ಕೇಳಬೇಡ.